ನಿಂತಲ್ಲೇ ನಡೆದವಳು

ತೆರೆಯ ಮೇಲೆ ನಾಯಕ ಮೆಟ್ಟಿಲು ಹತ್ತುವಾಗ ನಾವೆಲ್ಲ ಅವನ ಮುಖ ನೋಡುತ್ತೇವೆ. ಆ ಮೆಟ್ಟಿಲನ್ನು ಹತ್ತಿದವರು ಬೇರೆ. ಕಿಟಕಿ ಇಲ್ಲದ ಒಂದು ಕೋಣೆಯಲ್ಲಿ, ಎರಡಡಿ ಹಲಗೆಯ ಮೇಲೆ, ಗಂಡಸಿನ ಬೂಟಿನೊಳಗೆ ಚಿಂದಿ ತುರುಕಿಕೊಂಡು ಐವತ್ತಮೂರು ವರ್ಷದ ಹೆಂಗಸೊಬ್ಬಳು ನಿಂತಲ್ಲೇ ನಡೆಯುತ್ತಿರುತ್ತಾಳೆ. ನಾಯಕ ಓಡಿದರೆ ಅವಳೂ ಓಡಬೇಕು. ನಾಯಕ ಕುಡಿದು ತೂರಾಡಿದರೆ ಅವಳು ಹೊಟ್ಟೆಗೆ ಒಂದು ತೊಟ್ಟು ನೀರನ್ನೂ ಬಿಟ್ಟುಕೊಳ್ಳದೆ ತೂರಾಡಬೇಕು. ನೀರು ಗುಳುಗುಟ್ಟಿದರೆ ಮೈಕಿಗೆ ಅದೂ ಕೇಳಿಸುತ್ತದೆ. ಚಿತ್ರ ಮುಗಿದು ಹೆಸರುಗಳ ಪಟ್ಟಿ ಮೇಲಕ್ಕೆ ಹರಿಯುವ ಹೊತ್ತಿಗೆ ನಾವು ಕುರ್ಚಿಯ ಕೆಳಗೆ ಚಪ್ಪಲಿ ತಡಕಾಡುತ್ತಿರುತ್ತೇವೆ. ಅವಳ ಹೆಸರು ಬರುವುದು ಆಗಲೇ. ಅದೂ ಬಂದರೆ.

ಸ್ಟುಡಿಯೊದಲ್ಲಿ ಅವಳನ್ನು ಎಲ್ಲರೂ ಹೆಜ್ಜೆಯಕ್ಕ ಎನ್ನುತ್ತಾರೆ. ಇಪ್ಪತ್ತಾರು ವರ್ಷ ನಡೆದಿದ್ದಾಳೆ, ಒಂದಂಗುಲ ಮುಂದಕ್ಕೆ ಹೋಗಿಲ್ಲ. ಬಹುಶಃ ಅದಕ್ಕೇ ಆ ಕೋಣೆಯಿಂದ ಹೊರಬಿದ್ದರೆ ಅವಳ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕರೂ ಎದ್ದು ನಿಲ್ಲುತ್ತಾಳೆ, ಎರಡು ಸ್ಟಾಪು ಮೊದಲೇ ಇಳಿದು ನಡೆಯುತ್ತಾಳೆ. ಮನೆಯಲ್ಲಿ ತಟ್ಟೆ ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ತಿರುಗುತ್ತ ಊಟ ಮುಗಿಸುತ್ತಾಳೆ. ಮದುವೆಯಾದ ಎರಡು ವರ್ಷಕ್ಕೆ ಬಿಟ್ಟು ಹೋದ ಗಂಡನೂ ಇದನ್ನೇ ಹೇಳಿದ್ದನಂತೆ: "ನಿನ್ನ ಜೊತೆ ಇರೋದೂ ಒಂದೇ, ಬಸ್ ಸ್ಟ್ಯಾಂಡಲ್ಲಿ ಇರೋದೂ ಒಂದೇ."

ಈಗ ಆ ಎರಡು ಕೋಣೆಯ ಮನೆಯಲ್ಲಿ ಅವಳೊಂದಿಗೆ ಇರುವವಳು ತಂಗಿ. ದೊಡ್ಡ ಆಸ್ಪತ್ರೆಯೊಂದರಲ್ಲಿ ಆಯಾ. ರೋಗಿಗಳನ್ನು ಎತ್ತುವುದು, ಮಗ್ಗುಲು ತಿರುಗಿಸುವುದು, ಬೆಡ್‌ಪ್ಯಾನ್ ತೊಳೆಯುವುದು, ಉದ್ದುದ್ದ ವರಾಂಡದಲ್ಲಿ ಇಡೀ ದಿನ ಓಡಾಡುವುದು ಅವಳ ಕೆಲಸ. ಮನೆಗೆ ಬಂದರೆ ಕಾಲು ನೀಡಿ ಕೂರುವುದು ಅವಳ ಸುಖ. ಆ ಸುಖದ ಎದುರು ಅಕ್ಕ ಗಡಿಯಾರದ ಲೋಲಕದಂತೆ ಆಡುತ್ತಿದ್ದರೆ ಯಾರಿಗೆ ತಾನೇ ಸಹಿಸಲಾದೀತು?

"ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದೀಯ ನೀನು," ಎನ್ನುತ್ತಾಳೆ ತಂಗಿ. "ಅಮ್ಮ ಎಣ್ಣೆ ಬಿಡೋದೊಂದು ಮರೆತಳು. ಕಿರ್ ಕಿರ್ ಅಂತಿದೆ, ಕೇಳ್ಸುತ್ತಾ?"

ಕೇಳಿಸುತ್ತಿತ್ತು. ಬಲ ಮಂಡಿ. ಹೆಜ್ಜೆಯಕ್ಕ ಕೇಳಿಸದಂತೆ ಇದ್ದಳು.

ಅವಳು ಈ ಕೆಲಸಕ್ಕೆ ಬಂದದ್ದು ಬೈಗುಳದ ಬಾಗಿಲಿನಿಂದ. ಮೊದಲು ಅದೇ ಸ್ಟುಡಿಯೊದಲ್ಲಿ ನಟರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಒಂದು ದಿನ ಬಾಗಿಲ ಮೇಲಿನ ಕೆಂಪು ದೀಪ ನೋಡದೆ, ಕೈ ತುಂಬ ಅಂಗಿಗಳನ್ನು ಹೊತ್ತು ರೆಕಾರ್ಡಿಂಗ್ ಕೋಣೆಯನ್ನು ಅಡ್ಡ ಹಾದುಬಿಟ್ಟಳು. ಅಲ್ಲಿದ್ದ ಮುದುಕ, ಸದ್ದಿನ ಮೇಷ್ಟ್ರು, ಅವಳ ಏಳು ತಲೆಮಾರನ್ನು ಎಳೆತಂದು ಬೈದ. ಬೈದು ಮುಗಿಸಿ ಟೇಪು ಹಿಂದಕ್ಕೆ ತಿರುಗಿಸಿ ಕೇಳಿದ. ಮತ್ತೆ ಕೇಳಿದ. "ಇನ್ನೊಂದ್ ಸಲ ನಡಿ," ಅಂದ. ನಡೆದಳು. "ನಿನ್ನ ಹೆಜ್ಜೇಲಿ ಮನುಷ್ಯರಿದಾರೆ ಕಣಮ್ಮ," ಅಂದ. ಮರುದಿನದಿಂದ ಇಸ್ತ್ರಿಪೆಟ್ಟಿಗೆ ಬೇರೆಯವರ ಕೈಗೆ ಹೋಯಿತು.

ಅಲ್ಲಿಂದೀಚೆಗೆ ಅವಳು ಪೊಲೀಸರಾಗಿ ನಡೆದಳು, ಕಳ್ಳರಾಗಿ ನಡೆದಳು, ಹೆರಿಗೆ ಆಸ್ಪತ್ರೆಯ ಹೊರಗೆ ಶತಪಥ ಹಾಕುವ ಗಂಡಂದಿರಾಗಿ ನಡೆದಳು. ನಲವತ್ತೆರಡು ಜೊತೆ ಬೂಟು ಚಪ್ಪಲಿಗಳು ಗೋಡೆಗೆ ಸಾಲಾಗಿ ಇದ್ದವು. ಮರಳಿನ ತೊಟ್ಟಿ, ಜಲ್ಲಿಯ ತೊಟ್ಟಿ, ಒಣ ಎಲೆಯ ಮೂಟೆ, ಒಂದು ಮುರುಕು ಮೆಟ್ಟಿಲು. ಇಷ್ಟರಲ್ಲಿ ಅವಳು ಪ್ರಪಂಚ ಸುತ್ತಿದಳು. ಆದರೆ ನಮ್ಮ ಚಿತ್ರಗಳು ಹೇಗಿರುತ್ತವೆ ಎಂದು ಗೊತ್ತಲ್ಲ. ನಾಯಕ ಬಾಯಿ ಮುಚ್ಚುವುದಿಲ್ಲ. ಅವನು ಮುಚ್ಚಿದರೆ ಹಿನ್ನೆಲೆ ಸಂಗೀತ ಬಾಯಿ ತೆರೆಯುತ್ತದೆ. ಇಪ್ಪತ್ತಾರು ವರ್ಷದ ಅವಳ ನಡಿಗೆಯೆಲ್ಲ ಪಿಟೀಲಿನ ಕೆಳಗೆ ಹೂತುಹೋಗಿತ್ತು.

ಹೀಗಿರುವಾಗ ಮಾತಿಲ್ಲದ ಚಿತ್ರ ಬಂತು.

ಕೈಯಲ್ಲಿ ಬಿಡಿಸಿದ ಚಿತ್ರಗಳ ಸಿನಿಮಾ ಅದು. ಮೂವತ್ತೇಳು ವರ್ಷದ ಒಬ್ಬ ನಿರ್ದೇಶಕಿ ಹನ್ನೊಂದು ಜನರನ್ನು ಕಟ್ಟಿಕೊಂಡು ಏಳು ವರ್ಷ ಬಿಡಿಸಿದ್ದು. ಎಂಬತ್ತೊಂದು ನಿಮಿಷ, ಒಂದಕ್ಷರ ಮಾತಿಲ್ಲ, ಸಂಗೀತವೂ ಹೆಚ್ಚಿಲ್ಲ. ಹಡಗೊಡೆದು ಒಬ್ಬ ಮನುಷ್ಯ ನಿರ್ಜನ ದ್ವೀಪಕ್ಕೆ ಬಂದು ಬೀಳುತ್ತಾನೆ. ಹತ್ತನೆಯ ದಿನ ಮರಳಿನಲ್ಲಿ ಅವನ ಹೆಜ್ಜೆಯ ಪಕ್ಕ ಇನ್ನೊಂದು ಜೊತೆ ಹೆಜ್ಜೆ ಮೂಡುತ್ತದೆ. ನಡೆಯುವವರು ಕಾಣುವುದಿಲ್ಲ. ಹೆಜ್ಜೆ ಮಾತ್ರ ಒಂದೊಂದಾಗಿ ಮೂಡುತ್ತ ಬರುತ್ತದೆ. ಅವನು ಹೆದರುತ್ತಾನೆ, ಕಲ್ಲು ಬೀರುತ್ತಾನೆ, ಓಡಿಹೋಗುತ್ತಾನೆ. ಆಮೇಲೆ ಬೆಂಕಿಯ ಪಕ್ಕ ಅದಕ್ಕೂ ಜಾಗ ಗುಡಿಸಿ ಇಡುತ್ತಾನೆ. ವರ್ಷಗಳು ಹೋಗುತ್ತವೆ. ಕಡೆಗೆ ಒಂದು ದಿನ ಆ ಹೆಜ್ಜೆಗಳು ಅವನ ಪಕ್ಕ ಬಿಟ್ಟು ಸಮುದ್ರದ ಕಡೆಗೆ ತಿರುಗುತ್ತವೆ. ಅವನು ಅವುಗಳ ಹಿಂದೆ ಓಡುತ್ತಾನೆ. ಅಷ್ಟೇ ಕಥೆ.

"ಮಾತಿಲ್ವಾ? ಹಾಡಾದ್ರೂ ಇದ್ಯಾ?" ಎಂದು ಹೆಜ್ಜೆಯಕ್ಕ ಮೊದಲ ದಿನ ಕೇಳಿದಳು.

"ಇಲ್ಲ ಅಕ್ಕ," ಅಂದಳು ನಿರ್ದೇಶಕಿ. "ಪೂರ್ತಿ ನೀವೇ."

ಪೂರ್ತಿ ನೀವೇ. ಆ ಮಾತಿಗೆ ಅವಳು ಆ ಸಂಜೆ ಎರಡಲ್ಲ, ನಾಲ್ಕು ಸ್ಟಾಪು ಮೊದಲೇ ಬಸ್ಸಿಳಿದಳು.

ಕಾಣದ ಆ ಜೀವದ ತೂಕ ಎಷ್ಟು ಎಂದು ಅವಳು ಕೇಳಿದ್ದಕ್ಕೆ ಏಳು ವರ್ಷ ಬಿಡಿಸಿದವಳು ಹೆಜ್ಜೆಗುರುತಿನ ಹಾಳೆಗಳನ್ನು ತಂದು ಮುಂದಿಟ್ಟಳು. ಹೆಜ್ಜೆಯಕ್ಕ ಒಂಬತ್ತು ದಿನ ಆ ಹೆಜ್ಜೆಗುರುತುಗಳನ್ನೇ ನೋಡಿದಳು. ಬೆರಳಿನ ಕಡೆ ಆಳ, ಹಿಮ್ಮಡಿಯ ಕಡೆ ತೇಲು. "ಇದು ಬೆರಳು ಮೊದಲು ಊರೋ ಜೀವ," ಅಂದಳು. "ಹಗುರ ಅಲ್ಲ. ಯಾರನ್ನೂ ಎಬ್ಬಿಸಬಾರ್ದು ಅಂತ ಹುಷಾರಾಗಿ ನಡಿಯೋದು." ನಿರ್ದೇಶಕಿಯ ಕಣ್ಣಲ್ಲಿ ನೀರು ಬಂತು. ಹೆಜ್ಜೆಯಕ್ಕ ಅದನ್ನು ನೋಡದೆ ಹಳೆಯ ಕಂಬಳಿ ನೆನೆಸಲು ಹೋದಳು; ನೆನೆದ ಕಂಬಳಿಯ ಮೇಲೆ ಮರಳು ಹರಡಿದರೆ ಮಾತ್ರ ಅಲೆ ತಾಗಿದ ತೀರದ ಸದ್ದು ಬರುತ್ತದೆ.

ಎಂಟು ತಿಂಗಳು ಅವಳು ಇಬ್ಬರಾಗಿ ನಡೆದಳು. ಮನುಷ್ಯನಾಗಿ ಒಮ್ಮೆ, ಕಾಣದ ಜೀವವಾಗಿ ಒಮ್ಮೆ. ಗಾಜಿನ ಆಚೆ ಕೂತು ಅದನ್ನು ದಾಖಲಿಸುತ್ತಿದ್ದವನು ಸೌಂಡ್ ಎಂಜಿನಿಯರು, ಕಿವಿಯಪ್ಪ. ಹೆಡ್‌ಫೋನು ತೆಗೆದರೆ ಅವನ ತಲೆ ಹೇಗಿರುತ್ತದೆಂದು ಯಾರಿಗೂ ಗೊತ್ತಿಲ್ಲದ್ದರಿಂದ ಆ ಹೆಸರು. ಹನ್ನೊಂದು ವರ್ಷದ ಜೊತೆಗಾರ. ಅವಳು ಒಂದು ತುಣುಕು ನಡೆದು ತಲೆ ಎತ್ತಿದರೆ ಗಾಜಿನಾಚೆ ಅವನ ಹೆಬ್ಬೆರಳು ಮೇಲಿರುತ್ತಿತ್ತು. ಇತ್ತೀಚೆಗಂತೂ ಪ್ರತಿ ಸಲ, ಮೊದಲ ಸಲಕ್ಕೇ ಹೆಬ್ಬೆರಳು ಮೇಲೆ. ಮುಂಚೆ ಐದಾರು ಸಲ ನಡೆಸುತ್ತಿದ್ದವನು ಈಗ ಒಂದೇ ಸಲಕ್ಕೆ ಒಪ್ಪುತ್ತಾನಲ್ಲ ಎಂದು ಅವಳು ಯೋಚಿಸಲಿಲ್ಲ. ಯಾರು ತಾನೇ ಹೊಗಳಿಕೆಯನ್ನು ತಿರುವಿ ಹಾಕಿ ನೋಡುತ್ತಾರೆ?

ಮಂಡಿ ಮಾತ್ರ ಸಂಜೆ ಹೊತ್ತಿಗೆ ಊದಿ ಮರದ ಗಂಟಿನಂತಾಗುತ್ತಿತ್ತು. ತಂಗಿ ಆಸ್ಪತ್ರೆಯಲ್ಲಿ ಡಾಕ್ಟರ ಕೈಕಾಲು ಹಿಡಿದು ಆಪರೇಷನ್‌ಗೆ ದಿನ ಕೊಡಿಸಿದಳು. ಹೆಜ್ಜೆಯಕ್ಕ ಹೋಗಲಿಲ್ಲ. ಇನ್ನೊಂದು ದಿನ ಕೊಡಿಸಿದಳು. ಅದಕ್ಕೂ ಹೋಗಲಿಲ್ಲ. "ಚಿತ್ರ ಮುಗೀಲಿ," ಎನ್ನುವುದೊಂದೇ ಮಾತು. ಮೂರನೆಯ ಸಲವೂ ದಿನ ಗೊತ್ತುಮಾಡಿಸಿದ್ದಳು: ಬರುವ ಸೋಮವಾರ, ಬೆಳಗ್ಗೆ ಎಂಟಕ್ಕೆ. "ಇದನ್ನೂ ತಪ್ಪಿಸಿದ್ರೆ ಆ ಡಾಕ್ಟ್ರ ಮುಂದೆ ನಾನು ಮುಖ ಎತ್ಕೊಂಡು ಓಡಾಡೋ ಹಾಗಿಲ್ಲ," ಎಂದಿದ್ದಳು ತಂಗಿ. ಚಿತ್ರವನ್ನು ಚಿತ್ರೋತ್ಸವಕ್ಕೆ ಕಳಿಸಬೇಕಾಗಿದ್ದದ್ದು ಅದಕ್ಕೂ ಎರಡು ದಿನ ಮೊದಲು, ಶನಿವಾರ ಸಂಜೆ ನಾಲ್ಕಕ್ಕೆ. ಉಳಿದದ್ದು ಒಂದೇ ದೃಶ್ಯ. ಕಡೆಯ ಓಟ.

ಗುರುವಾರ ಬೆಳಗ್ಗೆ ಕಿವಿಯಪ್ಪ ಯಾವುದೋ ತಂತಿ ತರಲು ಪೇಟೆಗೆ ಹೋಗಿದ್ದ. ನಿರ್ದೇಶಕಿ ಅವನ ಕುರ್ಚಿಯಲ್ಲಿ ಕೂತು, ಕೊನೆಯ ರೀಲನ್ನು ಇನ್ನೊಮ್ಮೆ ಕೇಳೋಣವೆಂದು ಕಂಪ್ಯೂಟರಿನಲ್ಲಿ ಕೈಗೆ ಸಿಕ್ಕ ಟ್ರ್ಯಾಕ್ ಒತ್ತಿದಳು. ಹೆಜ್ಜೆಯಕ್ಕ ಹಿಂದೆ ಗೋಡೆಗೊರಗಿ ನಿಂತಿದ್ದಳು.

ಮರಳಿನ ಮೇಲೆ ಯಾರೋ ನಡೆಯುತ್ತಿದ್ದರು. ಒಂದು ಕಾಲು ಊರುತ್ತಿತ್ತು. ಇನ್ನೊಂದು ತಡವಾಗಿ ಬಂದು, ನೆಲ ತಾಗಿದ ಮೇಲೆ ಚೂರು ಎಳೆದುಕೊಳ್ಳುತ್ತಿತ್ತು. ಊರು, ಎಳೆ. ಊರು, ಎಳೆ. ತೆರೆಯ ಮೇಲಿನ ಮನುಷ್ಯ ನೆಟ್ಟಗೆ ನಡೆಯುತ್ತಿದ್ದ.

"ಇದ್ಯಾರ್ದು ಕಾಲು?" ಎಂದು ಹೆಜ್ಜೆಯಕ್ಕ ಕೇಳಿದಳು. "ಯಾವ್ದೋ ಮುದುಕೀನ ಕರ್ಕೊಂಡು ಬಂದು ನಡೆಸಿದಾನಾ ಇವನು?"

ನಿರ್ದೇಶಕಿ ಪರದೆಯ ಮೇಲಿನ ತಾರೀಕು ನೋಡಿದಳು. "ನಿಮ್ದೇ ಅಕ್ಕ," ಅಂದಳು. "ಹೋದ ತಿಂಗಳ ಎಂಟನೇ ತಾರೀಕು."

ಕಾಲ ಕೆಳಗಿನ ನೆಲ ಕುಸಿಯುವುದು ಎನ್ನುತ್ತೇವೆ. ಹೆಜ್ಜೆಯಕ್ಕನಿಗೆ ನೆಲ ಗಟ್ಟಿಯಾಗೇ ಇತ್ತು, ಕಾಲೇ ಬೇರೆಯವರದಾಗಿತ್ತು. ಅವಳು ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಇಪ್ಪತ್ತಾರು ವರ್ಷ ಬೇರೆಯವರ ನಡಿಗೆ ಕೇಳಿ ಅವರ ವಯಸ್ಸು, ಸಂಬಳ, ಹೆಂಡತಿಯ ಜೊತೆಗಿನ ಜಗಳ ಹೇಳುತ್ತಿದ್ದವಳಿಗೆ ತನ್ನ ಕಾಲು ಗುರುತು ಸಿಕ್ಕಿರಲಿಲ್ಲ.

ಕಿವಿಯಪ್ಪ ಬಂದ. ತಂತಿಯ ಸುರುಳಿ ಕೈಯಲ್ಲೇ ಹಿಡಿದು ಬಾಗಿಲಲ್ಲೇ ನಿಂತ.

"ಏನೋ ಇದು?"

"ಅಕ್ಕ..."

"ಅಕ್ಕ ಗಿಕ್ಕ ಬೇಡ. ಚಿತ್ರದಲ್ಲಿ ಕೇಳೋದು ಹೀಗಿಲ್ಲ. ಅದು ಸರಿಯಾಗಿದೆ. ಹೇಗೆ ಸರಿಯಾಯ್ತು?"

"ಸ್ವಲ್ಪ... ಸರಿ ಮಾಡ್ದೆ."

"ಎಷ್ಟು ಸ್ವಲ್ಪ?"

ಅವನು ತಂತಿಯನ್ನು ಬಿಚ್ಚಿದ, ಮತ್ತೆ ಸುತ್ತಿದ. "ಬಲಗಾಲು ತೆಗೆದುಬಿಟ್ಟೆ ಅಕ್ಕ. ನಿಮ್ಮ ಎಡಗಾಲಿನ ಹೆಜ್ಜೆ ಚೆನ್ನಾಗಿತ್ತಲ್ಲ, ಅದನ್ನೇ ನಕಲು ಮಾಡಿ ಬಲಗಾಲಿನ ಜಾಗಕ್ಕೆ ಅಂಟಿಸ್ದೆ."

ಹೆಜ್ಜೆಯಕ್ಕ ನಕ್ಕಳು. ಒಳ್ಳೆಯ ನಗುವಲ್ಲ ಅದು.

"ಅಂದ್ರೆ ಕೊನೇ ರೀಲ್ ಪೂರ್ತಿ ಆ ಬಡಪಾಯಿ ಎರಡು ಎಡಗಾಲಲ್ಲಿ ನಡೀತಿದಾನೆ."

"ಯಾರಿಗೂ ಗೊತ್ತಾಗಲ್ಲ ಅಕ್ಕ. ನಿಮಗೆ ಬೇಜಾರಾಗ್ಬಾರ್ದು ಅಂತ..."

"ಹೆಬ್ಬೆರಳು ಎತ್ತಿ ಎತ್ತಿ ತೋರಿಸ್ತಿದ್ಯಲ್ಲೋ! ಒಂದ್ ಮಾತು ಹೇಳಿದ್ರೆ ಇನ್ನೊಂದ್ ಸಲ ನಡೀತಿದ್ದೆ. ಹತ್ತು ಸಲ ನಡೀತಿದ್ದೆ. ನಡಿಯೋಕಾಗ್ದೇ ಇದ್ರೆ ಆಗಲ್ಲ ಅಂತಿದ್ದೆ. ಅದನ್ನ ಹೇಳೋ ಹಕ್ಕು ನಂದಲ್ವೇನೋ?"

ಕಿವಿಯಪ್ಪ ಕೆಟ್ಟವನಲ್ಲ. ಅದೇ ತೊಂದರೆ. ಕೆಟ್ಟವರು ಕಣ್ಣಿಗೆ ಮಣ್ಣೆರಚಿದರೆ ನಾವು ಕಣ್ಣು ತೊಳೆದುಕೊಂಡು ಜಗಳಕ್ಕೆ ನಿಲ್ಲುತ್ತೇವೆ. ಒಳ್ಳೆಯವರು ಬೇಜಾರಾಗಬಾರದೆಂದು ನಮ್ಮ ಕೆಲಸವನ್ನು ನಮ್ಮ ಬೆನ್ನ ಹಿಂದೆ ತಿದ್ದುತ್ತಾರೆ, ನಾವು ಅವರಿಗೆ ಥ್ಯಾಂಕ್ಸ್ ಹೇಳಿ ಮನೆಗೆ ಹೋಗುತ್ತೇವೆ. ದುಡಿಯುವವಳಿಗೆ ನೀನು ತಪ್ಪಿದೆ ಎಂದು ಹೇಳದಿರುವುದು ಮರ್ಯಾದೆಯಲ್ಲ. ಅವಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದೇವೆ ಎಂದು ಅರ್ಥ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಸ್ಟುಡಿಯೊ ಮ್ಯಾನೇಜರರ ಕೋಣೆ ತಲುಪಿತ್ತು. ಮ್ಯಾನೇಜರು, ನಿರ್ದೇಶಕಿ, ಕಿವಿಯಪ್ಪ ಮೂವರೂ ಅಲ್ಲಿ ಕೂತರು. ಹೆಜ್ಜೆಯಕ್ಕ ಕೂರಲಿಲ್ಲ, ಬಾಗಿಲಿಗೂ ಬೀರುವಿಗೂ ನಡುವೆ ತಿರುಗುತ್ತಿದ್ದಳು. ಈಗ ಪ್ರತಿ ತಿರುವಿಗೂ ತನ್ನ ಬಲಗಾಲು ಎಳೆಯುವುದು ಅವಳಿಗೇ ಕೇಳಿಸುತ್ತಿತ್ತು.

"ಇದಕ್ಯಾಕೆ ಇಷ್ಟೊಂದು?" ಅಂದರು ಮ್ಯಾನೇಜರು. "ಹೆಜ್ಜೆ ಸದ್ದು ರೆಡಿಮೇಡ್ ಸಿಗುತ್ತೆ. ಮರಳು, ಕಲ್ಲು, ಓಟ, ನಡಿಗೆ, ಎಲ್ಲಾ ಇದೆ. ಶನಿವಾರ ನಾಲ್ಕರೊಳಗೆ ಕೂರಿಸಿ ಕಳಿಸೋಣ. ಕೊನೇಲಿ ಮಾತ್ರ ಬೇರೆ ಕಾಲು ಅಂತ ಕೇಳಿಸ್ಬಾರ್ದಲ್ಲ, ಮೊದಲಿಂದ ಅದನ್ನೇ ಹಾಕಿದ್ರಾಯ್ತು."

ಮೊದಲಿಂದ ಅಂದರೆ ಎಂಟು ತಿಂಗಳು. ಅಂದರೆ ಒಂಬತ್ತು ದಿನ ನೋಡಿ ಕಂಡುಹಿಡಿದ ಆ ತೂಕ. ಪೂರ್ತಿ ನೀವೇ ಎಂದಿದ್ದ ಚಿತ್ರದಲ್ಲಿ ಅವಳದು ಎಂಬ ಒಂದು ಹೆಜ್ಜೆಯೂ ಉಳಿಯದು.

ನಿರ್ದೇಶಕಿ ಮೇಜಿನ ಮೇಲೆ ಬೆರಳಾಡಿಸುತ್ತ ಕೂತಿದ್ದಳು. ಅವಳ ಮುಖದಲ್ಲಿ ಏನೋ ಹೊಳೆಯತೊಡಗಿತ್ತು. "ನಂಗೊಂದು ಅನ್ನಿಸ್ತಿದೆ," ಅಂದಳು. "ರೆಡಿಮೇಡ್ ಬೇಡ. ಅಕ್ಕನ ಒರಿಜಿನಲ್ ನಡಿಗೇನೇ ಇಟ್ಕೊಂಡ್ರೆ? ಆ ಕಾಣದ ಜೀವ ಕೊನೇಲಿ ಕುಂಟೋ ಹಾಗೆ ಮಾಡೋಣ. ಹೆಜ್ಜೆಗುರುತನ್ನ ನಾನು ತಿದ್ತೀನಿ, ಒಂದು ಆಳ, ಒಂದು ತೇಲು. ವಯಸ್ಸಾಗಿ, ನೋವಾಗಿ, ಸಮುದ್ರಕ್ಕೆ ಹೋಗೋದು... ಕವಿತೆ ಥರ ಇರುತ್ತೆ ಅಕ್ಕ!"

ಹೆಜ್ಜೆಯಕ್ಕ ತಿರುಗುವುದನ್ನು ನಿಲ್ಲಿಸಿದಳು.

"ಮೇಡಂ, ನೀವು ಏಳು ವರ್ಷ ಬರೆದ್ರಲ್ಲ, ಅದ್ರಲ್ಲಿ ಒಂದ್ ದಿನಾನಾದ್ರೂ ಆ ಜೀವ ಕುಂಟ್ತಾ?"

"ಇಲ್ಲ, ಆದ್ರೆ..."

"ಈಗ ನಾನು ಕುಂಟ್ದೆ ಅಂತ ಅದನ್ನೂ ಕುಂಟಿಸ್ತೀರಾ? ನನ್ನ ಮಂಡಿ ನೋವು ನಿಮಗೆ ಕವಿತೆ. ನಂಗೆ ಮೆಟ್ಟಿಲು ಹತ್ತೋಕಾಗಲ್ಲ. ಇವನು ನನ್ನ ಕಾಲನ್ನ ಮುಚ್ಚಿಟ್ಟ, ನೀವು ಅದಕ್ಕೆ ಹೂವು ಮುಡಿಸ್ತೀನಿ ಅಂತೀರ. ಎರಡೂ ಬೇಡ ನಂಗೆ." ಅವಳು ಮ್ಯಾನೇಜರರ ಕಡೆ ತಿರುಗಿದಳು. "ಶನಿವಾರ ನಾಲ್ಕು ಗಂಟೆ ಅಂದ್ರಲ್ಲ. ಅಷ್ಟರೊಳಗೆ ಕೊನೇ ರೀಲು ಎರಡು ಕಾಲಲ್ಲಿ ಆಗ್ದೇ ಇದ್ರೆ ನಿಮ್ಮ ರೆಡಿಮೇಡ್ ಹಾಕ್ಕೊಳ್ಳಿ."

ಹೊರಗೆ ಬಂದ ಮೇಲೆ ಅವಳಿಗೆ ಹೊಳೆಯಿತು, ತಾನು ಕೊಟ್ಟ ಮಾತಿಗೆ ತನ್ನ ಹತ್ತಿರ ಇರುವುದು ಒಂದೂವರೆ ಕಾಲು ಎಂದು.

ಶುಕ್ರವಾರ ಬೆಳಗ್ಗೆ ಅವಳು ಕಾಣದ ಜೀವದ ಹೆಜ್ಜೆಗಳನ್ನು ನಿಧಾನಕ್ಕೆ, ಬೆರಳ ಮೇಲೆ, ಎಳೆಯದಂತೆ ನಡೆದು ಮುಗಿಸಿದಳು. ಉಳಿದ ಹೊತ್ತೆಲ್ಲ ಆ ಮನುಷ್ಯನಾಗಿ ಓಡಲು ನೋಡಿದಳು. ಕೈಯಲ್ಲಿ ಬೂಟು ಹಿಡಿದು ನೆಲಕ್ಕೆ ಬಡಿಯುವವರಿದ್ದಾರೆ. ಅವಳು ಅದನ್ನೂ ಮಾಡಿ ನೋಡಿದಳು. ಕೈಗೆ ಮನುಷ್ಯನ ತೂಕ ಬರಲಿಲ್ಲ. ಕಿವಿಯಪ್ಪನ ಹೆಬ್ಬೆರಳು ಮೇಜಿನ ಕೆಳಗಿತ್ತು. ಪ್ರತಿ ಸಲವೂ ಅವನು ತಲೆ ತಗ್ಗಿಸಿ, "ಎಳೀತು ಅಕ್ಕ," ಎಂದು ಹೇಳುತ್ತಿದ್ದ. ಹೇಳಲು ಅವನಿಗೆ ಎಷ್ಟು ಕಷ್ಟವೋ ಕೇಳಲು ಅವಳಿಗೆ ಅಷ್ಟೇ. ಆದರೂ ಅವಳು ಪ್ರತಿ ಸಲ ಕೇಳಿದಳು.

ಐದು ಗಂಟೆಗೆ ಮನೆಗೆ ಬಂದು, ಬದುಕಿನಲ್ಲಿ ಅಪರೂಪಕ್ಕೆ, ನೆಲದ ಮೇಲೆ ಕೂತುಬಿಟ್ಟಳು. ತಂಗಿ ಆಗಲೇ ಬಂದಿದ್ದಳು. ಮಂಡಿ ನೋಡಿ ಅವಳ ಸಹನೆಯ ಕಟ್ಟೆಯೊಡೆಯಿತು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ನೆಲ ನೆಟ್ಟಗಿದೆ, ಕಾಲೂ ನೆಟ್ಟಗಿದೆ ಅಂತೀಯ! ಇದನ್ನ ಕಾಲು ಅಂತಾರಾ? ಕುಂಬಳಕಾಯಿ! ಯಾವನೋ ಕಾಗದದ ಮನುಷ್ಯ, ಅವನಿಗೋಸ್ಕರ ಇವಳು ಕಾಲು ಕಳ್ಕೋತಾಳಂತೆ. ಅವನೇನು ನಾಳೆ ಬಂದು ನಿನ್ನ ಎತ್ಕೊಂಡು ಬಾತ್‌ರೂಮಿಗೆ ಬಿಡ್ತಾನಾ?"

ಬೈಯುತ್ತ ತಂಗಿ ಒಳಗಿನಿಂದ ಐಸು ತಂದಳು, ಬಟ್ಟೆ ತರಲು ಹೋದಳು, ಬಟ್ಟೆ ಸಿಗದೆ ಇನ್ನೊಂದು ಕೋಣೆಗೆ ಹೋದಳು, ಬಂದಳು. ಹೆಜ್ಜೆಯಕ್ಕ ಅಲ್ಲೇ ಮಗ್ಗುಲಾಗಿ ಒರಗಿ ಕಣ್ಣು ಮುಚ್ಚಿದ್ದಳು. ಕೆನ್ನೆ ಹೆಚ್ಚುಕಡಿಮೆ ನೆಲಕ್ಕೆ ತಾಗಿತ್ತು. ನೆಲದಿಂದ ಏಳುವ ಆ ನಡಿಗೆ ಅವಳಿಗೆ ಗೊತ್ತಿತ್ತು. ಹಿಮ್ಮಡಿ ಮೊದಲು, ಗಟ್ಟಿಯಾಗಿ. ಆಮೇಲೆ ಬೆರಳು, ಮನಸ್ಸಿಲ್ಲದೆ. ಅವರ ಅಮ್ಮ ಹೀಗೇ ನಡೆಯುತ್ತಿದ್ದಳು. ಎಂಟು ತಿಂಗಳ ಕೆಳಗೆ ಆ ದ್ವೀಪದ ಮನುಷ್ಯನಿಗೆಂದು ಹೆಜ್ಜೆಯಕ್ಕ ತನ್ನ ಕಾಲಿನಿಂದ ತೆಗೆದುಕೊಟ್ಟದ್ದೂ ಇದೇ ನಡಿಗೆ.

"ನಾಳೆ ನಿಂಗೆ ರಜ ಅಲ್ವಾ?" ಅಂದಳು.

"ಹೂಂ. ಮಲಗ್ತೀನಿ."

"ಓಡಕ್ಕೆ ಬರ್ತೀಯಾ?"

ತಂಗಿಗೆ ಅರ್ಥವಾಗಲು ಹತ್ತು ನಿಮಿಷ ಬೇಕಾಯಿತು, ಅರ್ಥವಾದ ಮೇಲೆ ನಗು ನಿಲ್ಲಲು ಇನ್ನಷ್ಟು. "ಆರು ದಿನ ಬದುಕಿರೋರಿಗೆ ಓಡ್ತೀನಿ, ಏಳನೇ ದಿನ ಬರೆದಿರೋನಿಗೂ ಓಡ್ಬೇಕಾ?" ಅಂದಳು. ಆಮೇಲೆ ಗಂಭೀರವಾದಳು. "ಓಡ್ತೀನಿ. ಸೋಮವಾರ ನೀನು ಮಲಗ್ಬೇಕು. ನಿನ್ನ ಮಾತು ಬೇಡ ನಂಗೆ, ನಿನ್ನ ಮಾತಿಗೆ ನಾಲ್ಕು ಕಾಲು. ಅಡ್ಮಿಷನ್ ಫಾರಂ ಇಲ್ಲೇ ಇದೆ, ಈಗ್ಲೇ ಸೈನ್ ಹಾಕು."

ಹೆಜ್ಜೆಯಕ್ಕ ಸೈನ್ ಹಾಕಿದಳು.

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ತಂಗಿ ಆ ಕಿಟಕಿಯಿಲ್ಲದ ಕೋಣೆಯೊಳಗೆ ಕಾಲಿಟ್ಟಳು. ಸರಸರ ಎನ್ನುವ ಬಟ್ಟೆ ತೆಗೆಸಿ ಅಕ್ಕನ ಹಳೆಯ ಹತ್ತಿ ಅಂಗಿ ಹಾಕಿಸಲಾಯಿತು. ಕಿವಿಯೋಲೆ ಬಿಚ್ಚಿಸಲಾಯಿತು. ಕೆಂಪು ದೀಪ ಹತ್ತಿತು. ತಂಗಿ ಒದ್ದೆ ಮರಳಿಗೆ ಕಾಲಿಟ್ಟು, "ಅಯ್ಯಯ್ಯೋ, ತಣ್ಣಗಿದೆ!" ಎಂದು ಕಿರುಚಿದಳು.

ಎಂಬತ್ತೊಂದು ನಿಮಿಷದ ಮಾತಿಲ್ಲದ ಚಿತ್ರದಲ್ಲಿ ಅದು ಮೊದಲ ಮಾತು. ಅಳಿಸಿದರು.

ನಡಿಗೆಯ ತುಣುಕುಗಳು ಹೇಗೋ ದಾಟಿದವು. ಮೊದಲೊಂದು ಗಂಟೆ ತಂಗಿ ತೆರೆ ನೋಡದೆ ತನ್ನ ಕಾಲನ್ನೇ ನೋಡಿಕೊಂಡಳು. ಆಮೇಲೆ ತೆರೆ ನೋಡತೊಡಗಿ ಅವನಿಗೇ ಬುದ್ಧಿ ಹೇಳತೊಡಗಿದಳು: "ಎಲ್ಲಿಗ್ ಹೋಗ್ತೀಯೋ, ಚಪ್ಪಲಿನಾದ್ರೂ ಹಾಕ್ಕೊಳ್ಳೋ!" ಹನ್ನೊಂದೂವರೆಗೆ ಕಿವಿಯಪ್ಪ ತಡೆದ. ಗಾಜಿನಾಚೆಯಿಂದ ಮೈಕು ಒತ್ತಿದ.

"ಅಕ್ಕ, ಮೂರನೇದೊಂದು ಕಾಲು ಕೇಳಿಸ್ತಿದೆ. ನಿಮ್ದು. ಮೂಲೇಲಿ ಕುಣೀತಿದೆ. ನೀವು ಹೊರಗೆ ಬನ್ನಿ."

ಹಿಂದಿನ ವಾರವಾಗಿದ್ದರೆ ಅವನು ಏನೂ ಹೇಳದೆ ಆ ಸದ್ದನ್ನು ಒರೆಸಿಹಾಕುತ್ತಿದ್ದ. ಹೆಜ್ಜೆಯಕ್ಕ ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಕೆಂಪು ದೀಪ ಉರಿಯುವಾಗ ಗಾಜಿನ ಆಚೆಗೆ ಬಂದು ಕೂತಳು. ಕಿವಿಯಪ್ಪ ತನ್ನ ತಲೆಯಿಂದ ಹೆಡ್‌ಫೋನು ತೆಗೆದು ಅವಳಿಗೆ ಕೊಟ್ಟ. ಅವನ ತಲೆ ನಡುವೆ ಬೋಳಾಗಿತ್ತು.

ಓಟ ಬಂತು. ಮೂರು ನಿಮಿಷ ನಲವತ್ತು ಸೆಕೆಂಡು. ತಂಗಿ ಓಡಿದಳು, ಸುಮ್ಮನೆ ಓಡಿದಳು, ಬಸ್ಸು ತಪ್ಪಿದವಳ ಹಾಗೆ. ಇನ್ನೊಮ್ಮೆ. ಇನ್ನೊಮ್ಮೆ. ಮ್ಯಾನೇಜರು ಬಾಗಿಲಲ್ಲಿ ಇಣುಕಿ ಗಡಿಯಾರ ನೋಡಿಕೊಂಡು ಹೋದರು. ಒಂದು ಗಂಟೆಯಾಗಿತ್ತು.

ಹೆಜ್ಜೆಯಕ್ಕ ಮೈಕು ಒತ್ತಿದಳು. "ಏಯ್, ವಾರ್ಡಲ್ಲಿ ಗಂಟೆ ಹೊಡೆದ್ರೆ ಹೇಗ್ ಓಡ್ತೀಯ? ಯಾರೋ ಹೋಗ್ತಿದಾರೆ ಅಂದಾಗ?"

ತಂಗಿ ಸೊಂಟಕ್ಕೆ ಕೈ ಕೊಟ್ಟು ಏದುಸಿರು ಬಿಡುತ್ತಿದ್ದಳು. "ಓಡಲ್ಲ," ಅಂದಳು. "ಓಡಿದ್ರೆ ಮಿಕ್ಕ ರೋಗಿಗಳು ಹೆದರ್ಕೋತಾರೆ. ಜೋರಾಗಿ ನಡೀತೀವಿ. ಕೊನೇ ಬಾಗಿಲು ತಿರುಗಿ, ಯಾರಿಗೂ ಕಾಣದೇ ಇರೋ ಕಡೆ ಬಂದ ಮೇಲೆ ಓಡ್ತೀವಿ."

ಹೆಜ್ಜೆಯಕ್ಕ ತೆರೆಯನ್ನು ಮತ್ತೆ ನೋಡಿದಳು. ಅವನೂ ಹಾಗೇ. ಮೊದಲು ಜೋರಾಗಿ ನಡೆಯುತ್ತಾನೆ, ಹೆಜ್ಜೆಗಳು ಹೆದರಿ ಓಡಿಬಿಡುತ್ತವೇನೋ ಎಂಬಂತೆ. ಬಂಡೆ ದಾಟಿದ ಮೇಲೆ ಕಾಲು ಕಿತ್ತು ಓಡುತ್ತಾನೆ. ಇಷ್ಟು ಸಲ ನೋಡಿಯೂ ತನಗಿದು ಕಂಡಿರಲಿಲ್ಲ.

"ಬಂಡೆ ಬರೋ ತನಕ ವಾರ್ಡು," ಅಂದಳು. "ಬಂಡೆ ಆದ್ಮೇಲೆ ಬಾಗಿಲು."

ತಂಗಿ ತೆರೆ ನೋಡಿದಳು. ಈ ಸಲ ಅವನಿಗೆ ಬುದ್ಧಿ ಹೇಳಲಿಲ್ಲ. ನಡೆದಳು, ಹಿಮ್ಮಡಿ ಗಟ್ಟಿಯಾಗಿ, ಬೆರಳು ಮನಸ್ಸಿಲ್ಲದೆ. ಬಂಡೆ ಬಂತು. ಹೆಡ್‌ಫೋನಿನೊಳಗೆ ಮರಳು ಸಿಡಿಯಿತು. ನಿರ್ದೇಶಕಿ ಕಿವಿಯಪ್ಪನ ತೋಳು ಹಿಡಿದುಕೊಂಡಳು. ದೃಶ್ಯ ಮುಗಿದಾಗ ಕಿವಿಯಪ್ಪನ ಹೆಬ್ಬೆರಳು ತಾನೇ ತಾನಾಗಿ ಮೇಲೆದ್ದಿತು.

"ಆಯ್ತು!" ಅಂದಳು ನಿರ್ದೇಶಕಿ.

"ಸೂಪರ್," ಅಂದ ಕಿವಿಯಪ್ಪ. "ನಡುವೆ ಎರಡು ಹೆಜ್ಜೆ ಹಿಂದೆ ಬಿದ್ದಿದೆ, ಅದನ್ನ ಸ್ವಲ್ಪ ನಾನು..." ಎಂದವನು ಹೆಜ್ಜೆಯಕ್ಕನ ಮುಖ ನೋಡಿ ಬೆರಳು ಮಡಚಿಕೊಂಡ.

ಗಾಜಿನಾಚೆ ತಂಗಿ ಕೆನ್ನೆ ಕೆಂಪಗೆ ಮಾಡಿಕೊಂಡು, ಬೆವರು ಒರೆಸಿಕೊಳ್ಳುತ್ತ, ಶಾಲೆಯ ಬಹುಮಾನಕ್ಕೆ ಕಾಯುವವಳಂತೆ ನಿಂತಿದ್ದಳು. ಇಡೀ ವಾರ ದುಡಿದ ಕಾಲು ನಡುಗುತ್ತಿತ್ತು. ಚೆನ್ನಾಗಿತ್ತು ಎಂದು ಹೇಳಿಬಿಡುವುದು ಎಷ್ಟು ಸುಲಭ, ಎಷ್ಟು ಪ್ರೀತಿಯ ಕೆಲಸ! ಹೆಜ್ಜೆಯಕ್ಕನಿಗೆ ಆ ಕ್ಷಣ ಕಿವಿಯಪ್ಪನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಅವಳನ್ನು ಮೈಕಿನ ಕಡೆ ಬಗ್ಗಿಸಿತು.

"ಬಂಡೆ ಆದ್ಮೇಲೆ ಒಂಬತ್ತನೇದು, ಹತ್ತನೇದು ತಡ. ಸುಸ್ತಾಗಿ ಹಿಮ್ಮಡಿ ಎಳೀತಿದೀಯ. ಇನ್ನೊಂದ್ ಸಲ."

ತಂಗಿಯ ಮುಖ ಬಿತ್ತು. "ಇವರೆಲ್ಲ ಚೆನ್ನಾಗಿದೆ ಅಂತಿದಾರಲ್ಲೇ!"

"ಅನ್ಲಿ."

"ನಿನ್ನ ಕೈ ಕೆಳಗೆ ಕೆಲಸ ಮಾಡೋದಕ್ಕಿಂತ ಬೆಡ್‌ಪ್ಯಾನ್ ತೊಳೆಯೋದು ವಾಸಿ!"

"ಅದು ನಾಡಿದ್ದು. ನಂದೇ ತೊಳೀವಂತೆ. ಈಗ ಓಡು."

ತಂಗಿ ಓಡಿದಳು. ತಪ್ಪಿತು, ಹೆಜ್ಜೆಯಕ್ಕ ಹೇಳಿದಳು. ತಂಗಿ ನೀರು ಕುಡಿಯದೆ ಹತ್ತು ನಿಮಿಷ ಕೂತು ಎದ್ದಳು. ಓಡಿದಳು. ಒಂಬತ್ತನೆಯದು ಬಂತು, ಹತ್ತನೆಯದು ಇಲ್ಲ; ಹೆಜ್ಜೆಯಕ್ಕ ಅದನ್ನೂ ಹೇಳಿದಳು. ಮೂರು ಗಂಟೆಗೆ ತಂಗಿ ಅಕ್ಕನನ್ನೂ ಕಿವಿಯಪ್ಪನನ್ನೂ ಸಮುದ್ರವನ್ನೂ ಒಟ್ಟಿಗೆ ಬೈದು, ಕಣ್ಣೊರೆಸಿಕೊಂಡು ಮತ್ತೆ ಮರಳಿಗಿಳಿದಳು. ಮ್ಯಾನೇಜರು ಈಗ ಬಾಗಿಲಲ್ಲೇ ನಿಂತಿದ್ದರು. ಅವರ ಕೈಯಲ್ಲಿ ಮೂವತ್ತು ಬಗೆಯ ರೆಡಿಮೇಡ್ ಓಟದ ಸದ್ದುಗಳ ಪಟ್ಟಿ ಇತ್ತು.

ಮೂರೂವರೆಯ ಓಟ ಮುಗಿದಾಗ ಗಾಜಿನ ಈಚೆ ಯಾರೂ ಹೆಬ್ಬೆರಳು ಎತ್ತಲಿಲ್ಲ. ಎಲ್ಲರೂ ಹೆಜ್ಜೆಯಕ್ಕನನ್ನು ನೋಡುತ್ತಿದ್ದರು. ಅವಳು ಹೆಡ್‌ಫೋನು ಕಿವಿಗೆ ಒತ್ತಿ ಹಿಡಿದು, "ತಿದ್ದದೇ ಇರೋದನ್ನ ಹಾಕು," ಅಂದಳು. ಕಿವಿಯಪ್ಪ ಹಾಕಿದ. ಮೂರು ನಿಮಿಷ ನಲವತ್ತು ಸೆಕೆಂಡು ಅವಳು ಮಿಸುಕಲಿಲ್ಲ. ಮೇಜಿನ ಕೆಳಗೆ ಅವಳ ಕಾಲೂ.

"ಸರಿ," ಅಂದಳು ಮೈಕಿನಲ್ಲಿ.

ತಂಗಿ ಅನುಮಾನದಿಂದ ಗಾಜಿನ ಹತ್ತಿರ ಬಂದಳು. ಒಳಗಿನ ದೀಪಕ್ಕೆ ಅವಳಿಗೆ ಈಚಿನ ಮುಖಗಳು ನೆಟ್ಟಗೆ ಕಾಣುತ್ತಿರಲಿಲ್ಲ. ಕೈಯಿಂದ ಕಣ್ಣಿಗೆ ಮರೆ ಮಾಡಿಕೊಂಡು ಇಣುಕಿದಳು.

"ಅವರು ಹೇಳೋ ಸರಿನಾ, ನೀನು ಹೇಳೋ ಸರಿನಾ?"

"ನಾನು ಹೇಳೋ ಸರಿ."

ತಂಗಿ ಇದ್ದಲ್ಲೇ, ಒದ್ದೆ ಮರಳಿನ ಮೇಲೆ, ಅಕ್ಕನ ಅಂಗಿ ತೊಯ್ದುಹೋಗುವುದನ್ನೂ ಲೆಕ್ಕಿಸದೆ ಕಾಲು ನೀಡಿ ಕೂತಳು. ಹೆಜ್ಜೆಯಕ್ಕ ಬಲ ಮಂಡಿಯನ್ನು ಕೈಯಲ್ಲಿ ಹಿಡಿದು ಎದ್ದು, ಕುಂಟುತ್ತ, ಎಲ್ಲರಿಗೂ ಕೇಳಿಸುವಂತೆ ಕುಂಟುತ್ತ, ಅವಳನ್ನು ಎಬ್ಬಿಸಲು ಒಳಗೆ ಹೋದಳು.